ಮೀಟರ್ ನಿಧಾನ ಓಡುವ ಊರು

ನನ್ನ ಭಾವ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡುವುದಿಲ್ಲ, ಮೀಟರ್ ನೋಡುತ್ತಾರೆ. ಸಾವಿನ ಮನೆಯಾದರೂ ಅಷ್ಟೇ. ಬಾಗಿಲಲ್ಲೇ ನಿಂತು ಕತ್ತು ಮೇಲಕ್ಕೆತ್ತಿ, ಗೋಡೆಯ ಹಲಗೆಯ ಮೇಲೆ ಕಣ್ಣಾಡಿಸಿ, 'ಹೂಂ' ಎಂದು ಒಂದು ಸಣ್ಣ ಶಬ್ದ ಹೊರಡಿಸಿ ಆಮೇಲೆ ಒಳಗೆ ಕಾಲಿಡುತ್ತಾರೆ. ಆ 'ಹೂಂ' ಬಂತೆಂದರೆ ಮನೆ ಯಜಮಾನನ ಗುಣ, ಹೆಂಡತಿಯ ಕೈ, ಮಕ್ಕಳ ಭವಿಷ್ಯ ಎಲ್ಲದರ ತೀರ್ಪೂ ಆಯಿತು ಎಂದು ಅರ್ಥ. ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿ ಸೇರಿ, ಮೀಟರ್ ರೀಡರ್ ಆಗಿಯೇ ನಿವೃತ್ತರಾದ ಮನುಷ್ಯ. ನಡುವೆ ಒಂದು ಬಡ್ತಿ ಬಂದಿತ್ತು, ಆಫೀಸಿನೊಳಗೆ ಕೂತು ಮಾಡುವ ಕೆಲಸ. ಬೇಡ ಅಂದರು. ಊರವರ ಮನೆಬಾಗಿಲಲ್ಲಿ ನಿಂತು ತೀರ್ಪು ಕೊಡುವ ಸುಖ ಕುರ್ಚಿಯಲ್ಲಿ ಕೂತರೆ ಎಲ್ಲಿಂದ ಬರಬೇಕು.

ಆಫೀಸಿನವರು ಅವರಿಗೆ 'ಅರ್ಧ ಯೂನಿಟ್' ಎಂದು ಹೆಸರಿಟ್ಟಿದ್ದರು. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಚಹಾ ಕುಡಿದರೆ ಅರ್ಧ ಲೋಟ. ಸೋಪು ತಂದರೆ ದಾರ ಸುತ್ತಿ ಎರಡು ತುಂಡು. ಪತ್ರಿಕೆಯಂತೂ ಪಕ್ಕದ ಮನೆಯವರ ಜೊತೆ ಪಾಲು. ಮೊದಲ ಹಾಳೆಗಳು ಇವರಿಗೆ, ಕೊನೆಯ ಹಾಳೆಗಳು ಅವರಿಗೆ. ಯಾವ ವ್ಯವಹಾರಕ್ಕೆ ಕೂತರೂ ಇವರ ಬಾಯಿಂದ ಬರುವ ಮೊದಲ ಮಾತು 'ಅರ್ಧ ಅರ್ಧ ಮಾಡ್ಕೊಳ್ಳೋಣ'. ಹಾಗೆ ಅಂದಾಗಲೆಲ್ಲ ಎದುರಿನವನನ್ನು ಗೆದ್ದೆ ಎಂದು ಒಳಗೊಳಗೇ ಬೀಗುತ್ತಾರೆ. ನಾನು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂತು ದಿನಬೆಳಗಾದರೆ ಜನರನ್ನು ನೋಡುವವಳು. ಜಿಪುಣರು, ಬಡಾಯಿಗಾರರು, ದಡ್ಡರು ಎಲ್ಲರೂ ಬೇರೆಬೇರೆಯಾಗಿ ಬರುತ್ತಾರೆ. ಮೂವರೂ ಒಂದೇ ಅಂಗಿಯೊಳಗೆ ಸಿಕ್ಕಿದ್ದು ನನ್ನ ಅಕ್ಕನ ಗಂಡನಲ್ಲಿ ಮಾತ್ರ.

ಮದುವೆಯ ಮಾತಾಡಲು ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹೀಗೇ ಆಯಿತು. ಅಕ್ಕ ಒಳಗೆ ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದಳು. ಇವರು ಹೊಸಿಲಲ್ಲೇ ನಿಂತು ಮೀಟರ್ ಓದಿ, ಹಿಂದಿನ ತಿಂಗಳ ಬಿಲ್ ಇದೆಯಾ ಎಂದು ಕೇಳಿದರು. ಅಪ್ಪ ಗಾಬರಿಯಿಂದ ಹುಡುಕಿ ತಂದುಕೊಟ್ಟರು. ಹಿಂದಿನದು, ಈಗಿನದು, ಕಳೆಯುವುದು. ಭಾವ ಬದುಕಿಡೀ ಮಾಡಿದ್ದು ಅದೊಂದೇ ಲೆಕ್ಕ. ಕಳೆದು ನೋಡಿದವರ ಮುಖ ಅರಳಿತು. "ಇಷ್ಟು ಹಿಡಿತದ ಮನೆ ಸಿಗೋದು ಕಷ್ಟ. ನನಗೆ ಒಪ್ಪಿಗೆ" ಅಂದರು. ಆಮೇಲೆ ಒಳಗೆ ಬಂದು ಹುಡುಗಿ ಯಾರು ಎಂದು ನೋಡಿದರು. ಆ ತಿಂಗಳಿಡೀ ಅಮ್ಮ ಆಸ್ಪತ್ರೆಯಲ್ಲಿದ್ದಳು, ನಾವೆಲ್ಲ ಆಸ್ಪತ್ರೆಯ ಹತ್ತಿರವಿದ್ದ ಅತ್ತೆಯ ಮನೆಯಲ್ಲಿ ಉಳಿದಿದ್ದೆವು, ನಮ್ಮ ಮನೆಯಲ್ಲಿ ದೀಪ ಹಾಕುವವರೇ ಇರಲಿಲ್ಲ. ಇದನ್ನು ಅವರು ಕೇಳಲಿಲ್ಲ. ಅಪ್ಪ ಒಂದು ಸಲ ಕೆಮ್ಮಿ ಸುಮ್ಮನಾದರು. ಮೀಟರ್ ಸುಳ್ಳು ಹೇಳುವುದಿಲ್ಲ ಎಂದು ಭಾವ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ನಿಜ, ಹೇಳುವುದಿಲ್ಲ. ದೀಪ ಉರಿದಿಲ್ಲ ಎಂದಷ್ಟೇ ಅದು ಹೇಳಿತು. ಯಾಕೆ ಉರಿದಿಲ್ಲ ಎಂದು ಬಾಯಿಬಿಟ್ಟು ಕೇಳುವುದು ಮನುಷ್ಯರ ಕೆಲಸ.

ಅಕ್ಕ ಹೊಲಿಗೆಯವಳು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿ, ಕಾಲಲ್ಲಿ ತುಳಿಯುವ ಮಿಷನ್ ಇಟ್ಟುಕೊಂಡು ಶರಟು, ಕೋಟು, ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಏನು ಕೊಟ್ಟರೂ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದವರು ಸ್ಟೂಲಿನ ಮೇಲೆ ಕೂತು ತಮ್ಮ ಮನೆಯ ಗೋಳನ್ನೆಲ್ಲ ತೋಡಿಕೊಂಡು ಹೋಗುತ್ತಿದ್ದರು. ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟುತ್ತಿದ್ದಳು. ಅವಳಿಗೆ ಮಕ್ಕಳಿಲ್ಲ. ಆ ಮಿಷನ್ನಿನ ಮುಂದೆ ಕೂತಾಗ ಮಾತ್ರ ಅವಳ ಮುಖದಲ್ಲಿ ಜೀವ ಇರುತ್ತಿತ್ತು. ಮನೆಗೆ ಬೇಕಾದ ದಿನಸಿಯಿಂದ ಹಿಡಿದು ಭಾವನ ಅಂಗಿಯ ಗುಂಡಿಯವರೆಗೆ ಎಲ್ಲ ಬರುತ್ತಿದ್ದದ್ದು ಆ ಮಿಷನ್ನಿನಿಂದಲೇ. ಭಾವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮೀಟರಿನಲ್ಲಿ ಕಾಣದ ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ.

ಮದುವೆಯಾದ ಹೊಸದರಲ್ಲೇ ಅಕ್ಕ ಒಂದು ಮೋಟರ್ ಹಾಕಿಸಿಕೊಡಿ ಎಂದು ಕೇಳಿದ್ದಳು. "ಮೋಟರ್ ಹಾಕಿದ್ರೆ ಮೀಟರ್ ಗಿರಗಿರ ತಿರುಗುತ್ತೆ. ನಿನ್ನ ಕಾಲು ಪುಕ್ಕಟೆ ಇದೆಯಲ್ಲ" ಅಂದಿದ್ದರು. ಹೆಂಡತಿಯ ತಂಗಿ ಎದುರಿಗೆ ಕೂತಿದ್ದಾಳೆ ಎಂಬ ನಾಚಿಕೆಯೂ ಇಲ್ಲದೆ ಹೇಳಿದ ಮಾತು. ಅಕ್ಕ ಮತ್ತೆ ಮತ್ತೆ ಕೇಳಿದಳು, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಕೇಳುವುದನ್ನೇ ಬಿಟ್ಟಳು. ತುಳಿದು ತುಳಿದು ಮಂಡಿ ಸವೆಯಿತು. ನಾನೇ ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಒಂದೋ ಮೋಟರ್ ಹಾಕಿಸಿ, ಇಲ್ಲ ಹೊಲಿಯೋದು ಬಿಡಿ. ಹೀಗೇ ತುಳೀತಾ ಇದ್ರೆ ನಾಳೆ ನಡೆಯೋದಕ್ಕೂ ಆಗಲ್ಲ" ಅಂದರು ಡಾಕ್ಟರ್. ಭಾವನಿಗೆ ಕೇಳಿಸಿದ್ದು ಮಾತಿನ ಅರ್ಧ ಭಾಗ. ಯಾವ ಅರ್ಧ ಎಂದು ಬೇರೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ನಿವೃತ್ತಿ ಬಂತು. ಓದಲು ಮೀಟರ್ ಇಲ್ಲದೆ ಭಾವ ಪತ್ರಿಕೆ ಓದತೊಡಗಿದರು. ತಮ್ಮ ಪಾಲಿನ ಹಾಳೆಗಳಲ್ಲಿ ಒಂದು ದಿನ ಒಂದು ಲೇಖನ ಸಿಕ್ಕಿತು. ನಿವೃತ್ತರಾದವರು ದೊಡ್ಡ ನಗರದಲ್ಲಿ ಒದ್ದಾಡುವುದಕ್ಕಿಂತ ಒಂದು ಸಣ್ಣ ಕಾಲೇಜು ಊರಿಗೆ ಹೋಗಿ ನೆಲೆಸುವುದು ಮೇಲು. ಬಾಡಿಗೆ ಕಡಿಮೆ, ಒಳ್ಳೆಯ ಗ್ರಂಥಾಲಯ, ಸಂಜೆ ಉಪನ್ಯಾಸ, ಸುತ್ತ ಎಳೆಯರು ಇದ್ದರೆ ಮನಸ್ಸೂ ಎಳೆಯದಾಗಿರುತ್ತದೆ ಎಂದೆಲ್ಲ ಬರೆದಿತ್ತಂತೆ. ಲೇಖನದ ಮುಂದುವರಿದ ಭಾಗ ಕೊನೆಯ ಪುಟದಲ್ಲಿತ್ತು. ಆ ಪುಟ ಪಕ್ಕದ ಮನೆಯವರ ಪಾಲು. ಎಚ್ಚರಿಕೆ ಏನಾದರೂ ಇದ್ದಿದ್ದರೆ ಅಲ್ಲಿಯೇ ಇದ್ದಿರಬೇಕು. ಭಾವ ಅದನ್ನು ಕೇಳಿ ಓದುವ ಗೋಜಿಗೆ ಹೋಗಲಿಲ್ಲ. ಬದುಕಿನಲ್ಲಿ ಒಂದು ಉಪನ್ಯಾಸಕ್ಕೂ ಹೋಗದವರಿಗೆ, ಬಿಲ್ ಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಮುಟ್ಟದವರಿಗೆ ಕಾಲೇಜು ಊರಿನ ಹುಚ್ಚು ತಲೆಗೆ ಹತ್ತಿತು.

"ನನ್ನ ಗಿರಾಕಿಗಳು ಇಲ್ಲೇ ಇದಾರಲ್ಲ" ಅಂದಳು ಅಕ್ಕ.

"ಹೊಲಿದದ್ದು ಸಾಕು ಬಿಡು. ಡಾಕ್ಟ್ರೇ ಹೇಳಿದಾರಲ್ಲ. ಅಲ್ಲಿ ಹೋಗಿ ಆರಾಮಾಗಿ ಕೂತ್ಕೊಳ್ಳುವಿಯಂತೆ."

ಇದನ್ನು ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಮಂಡಿ ಹಾಳುಮಾಡಿದವರೂ ಇವರೇ, ಈಗ ಆ ಮಂಡಿಯ ನೆಪದಲ್ಲಿ ಅವಳ ಕೈಯ ಕೆಲಸ ಕಸಿದುಕೊಳ್ಳುವವರೂ ಇವರೇ. ಕೆಲಸ ಹೋದರೆ ಅಕ್ಕನಿಗೆ ಉಳಿಯುವುದು ಭಾವ ಒಬ್ಬರೇ. ಅದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು.

ಊರು ಹುಡುಕಲು ಭಾವ ಆರಿಸಿಕೊಂಡದ್ದು ಕಾಲೇಜು ರಜೆಯ ಕಾಲ. ಆಗ ಕಾಲೇಜು ಊರುಗಳಲ್ಲಿ ಲಾಡ್ಜುಗಳು ಖಾಲಿ ಹೊಡೆಯುತ್ತಿರುತ್ತವೆ, ಕೇಳಿದ ದರಕ್ಕೆ ಕೋಣೆ ಕೊಡುತ್ತಾರೆ. ಮೊದಲ ಊರು ಒಂದು ಗುಡ್ಡದ ಮೇಲೆ. ಯಾರದೋ ಮನೆಯ ಜಗಲಿ ಹತ್ತಿ ಮೀಟರ್ ಇಣುಕುತ್ತಿದ್ದಾಗ ಕಳ್ಳನೆಂದು ಹಿಡಿದು ಕೂರಿಸಿದರಂತೆ. ಆ ಊರಿನವರಿಗೆ ಸಂಸ್ಕಾರ ಇಲ್ಲ ಎಂದು ಬಂದರು. ಎರಡನೆಯ ಊರಿನಲ್ಲಿ ಗ್ರಂಥಾಲಯದೊಳಗೆ ಕಾಲಿಟ್ಟರಂತೆ. ಓದುವವರು ಇಬ್ಬರು, ತಿರುಗುವ ಫ್ಯಾನು ಹತ್ತು. ಪುಸ್ತಕದ ಕಡೆ ತಿರುಗಿಯೂ ನೋಡದೆ ಹೊರಗೆ ಬಂದು ಬಸ್ ಹತ್ತಿದರು. ಮೂರನೆಯದು ಇಷ್ಟವಾಯಿತು. ಒಂದು ಸಲ ಹೋಗಿ ಒಂದು ಬೀದಿಯ ಮೀಟರುಗಳ ಅಂಕಿಯನ್ನೆಲ್ಲ ಓದಿಕೊಂಡು ಬಂದರು. ಎರಡನೆಯ ಸಲ ಹೋಗುವಾಗ ಅಕ್ಕ ನನ್ನನ್ನೂ ಜೊತೆಗೆ ಅಟ್ಟಿದಳು. "ಅವರು ಗೋಡೆ ನೋಡ್ತಾರೆ, ನೀನು ಕಿಟಕಿ ನೋಡ್ಕೊಂಡು ಬಾ" ಅಂದಳು.

ಕಾಲೇಜಿನ ಹಿಂದಿನ ಬೀದಿ ಅದು. ಎಲ್ಲವೂ ಎರಡಂತಸ್ತಿನ ಮನೆಗಳು, ಹೊರಗಿನಿಂದ ಮೇಲೆ ಹತ್ತುವ ಮೆಟ್ಟಿಲು. ಕೆಳಗಡೆ ಮನೆಯ ಮಾಲೀಕರು ಕುರ್ಚಿ ಹಾಕಿಕೊಂಡು ಆಕಳಿಸುತ್ತಿದ್ದರು. ಊಟದ ಮೆಸ್ಸಿನಲ್ಲಿ ಕುರ್ಚಿಗಳನ್ನು ಬೋರಲಾಗಿ ಮೇಜಿನ ಮೇಲೇರಿಸಿದ್ದರು. ಕ್ಷೌರದ ಅಂಗಡಿಯವನು ತನ್ನ ಕುರ್ಚಿಯಲ್ಲಿ ತಾನೇ ಮಲಗಿದ್ದ. ಭಾವ ಮನೆಯಿಂದ ಮನೆಗೆ ಕತ್ತೆತ್ತಿಕೊಂಡು ನಡೆದರು. ಹಿಂದಿನದು, ಈಗಿನದು, ಕಳೆಯುವುದು. ಪ್ರತಿ ಮನೆಗೂ ಮುಖ ಇನ್ನಷ್ಟು ಅರಳುತ್ತಿತ್ತು.

"ನೋಡಿದ್ಯಾ? ಎಲ್ಲ ಮನೆಯಲ್ಲೂ ಜನ ಇದಾರೆ, ಆದ್ರೂ ಚಕ್ರ ತಿರುಗೋದೇ ಕಾಣಲ್ಲ. ಇದು ಊರು ಅಂದ್ರೆ."

ನಾನು ತಾರಸಿಗಳ ಕಡೆ ನೋಡುತ್ತಿದ್ದೆ. "ಇಷ್ಟೊಂದು ಹಗ್ಗ ಯಾಕೆ ಕಟ್ಟಿದಾರೆ ಭಾವ?"

"ದೊಡ್ಡ ಸಂಸಾರ ಇರ್ಬೇಕು."

"ಹಾಗಾದ್ರೆ ಬಟ್ಟೆ ಎಲ್ಲಿ?"

"ಶಿಸ್ತಿನ ಜನ. ಬೆಳಿಗ್ಗೆನೇ ಒಣಗಿಸಿ ಮಡಚಿಟ್ಟಿರ್ತಾರೆ."

"ಅಂಗಡಿ ಎಲ್ಲ ಮುಚ್ಚಿದೆ."

"ಮಧ್ಯಾಹ್ನ ಮಲಗ್ತಾರೆ. ಆರೋಗ್ಯದ ಬಗ್ಗೆ ಕಾಳಜಿ ಇರೋ ಊರು."

"ಈಗ ರಜೆ ಅಲ್ವಾ. ಕಾಲೇಜು ತೆರೆದಾಗ ಇನ್ನೊಂದ್ಸಲ ಬಂದು ನೋಡಿದ್ರೆ ಹೇಗೆ?"

"ಆಗ ಲಾಡ್ಜ್ ದುಬಾರಿ" ಎಂದು ಮುಂದಿನ ಮೀಟರಿನ ಕಡೆ ನಡೆದರು. ಮೈ ಪರಚಿಕೊಳ್ಳುವುದೊಂದು ಬಾಕಿ ನನಗೆ.

ಒಂದು ಮನೆಯ ಕೆಳಗಿನ ಭಾಗ ಬಾಡಿಗೆಗಿತ್ತು. ಎರಡು ಕೋಣೆ, ಅಡಿಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮುಂದಿನ ಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿ. ಮೀಟರ್ ಮೆಟ್ಟಿಲ ಬುಡದ ಗೋಡೆಯ ಮೇಲೆ, ಮೇಲಿನ ಮನೆಗೂ ಕೆಳಗಿನ ಮನೆಗೂ ಸೇರಿ ಒಂದೇ. ಮನೆಯೊಡತಿ ಪಕ್ಕದ ಮನೆಯಲ್ಲಿರುವ ಹೆಂಗಸು, ಮಾತು ಕಡಿಮೆ.

"ಮೇಲಿನದು ಹುಡುಗರಿಗೆ ಬಾಡಿಗೆ ಕೊಡ್ತೀನಿ. ಈಗ ಊರಿಗೆ ಹೋಗಿದಾರೆ, ಕಾಲೇಜು ತೆರೆದ್ಮೇಲೆ ಬರ್ತಾರೆ. ಕರೆಂಟಿಗೆ ನೀವು ತಿಂಗಳಿಗೆ ಇಷ್ಟು ಅಂತ ಕೊಟ್ಬಿಡಿ. ಉಳಿದದ್ದು ಅವರ ಹತ್ರ ತಗೋತೀನಿ" ಎಂದರು.

ಭಾವ ಹಿಂದಿನ ತಿಂಗಳ ಬಿಲ್ ತರಿಸಿಕೊಂಡು ನೋಡಿದರು. ಮೀಟರ್ ನೋಡಿದರು. ಕಣ್ಣಲ್ಲಿ ಕಳ್ಳ ಸಂತೋಷ ಕುಣಿಯಿತು. "ಅದೆಲ್ಲ ಬೇಡಮ್ಮ. ಬಂದ ಬಿಲ್ಲು ಅರ್ಧ ಅರ್ಧ ಮಾಡ್ಕೊಳ್ಳೋಣ."

ಮನೆಯೊಡತಿ ಬಿಲ್ಲನ್ನು ವಾಪಸು ತೆಗೆದುಕೊಂಡು ಮಡಚಿದರು. "ಯೋಚನೆ ಮಾಡಿ ಹೇಳ್ತಿದೀರಾ?"

"ಬದುಕೆಲ್ಲ ಮೀಟರ್ ಓದಿದೋನು ನಾನು. ಈ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ."

ನಾನು ತೋಳು ಹಿಡಿದು ಜಗ್ಗಿದೆ. "ಹುಡುಗರು ಬರ್ತಾರಂತೆ ಭಾವ, ಕೇಳಿಸ್ತಾ?" ಕೈ ಕೊಡವಿಕೊಂಡರು. "ಹಗಲೆಲ್ಲ ಕಾಲೇಜಲ್ಲಿ ಕೂತಿರೋ ಹುಡುಗರು ಎಷ್ಟು ದೀಪ ಉರಿಸ್ತಾರೆ? ಎರಡು ಬಲ್ಬು." ಕರಾರು ಪತ್ರದಲ್ಲಿ ಕರೆಂಟ್ ಬಿಲ್ಲು ಅರ್ಧ ಅರ್ಧ ಎಂದು ತಮ್ಮ ಕೈಯಾರೆ ಬರೆದರು. ಮನೆ ಬಿಡುವವರೆಗೆ ಈ ಮಾತನ್ನು ಯಾರೂ ಬದಲಾಯಿಸುವಂತಿಲ್ಲ ಎಂದೂ ಸೇರಿಸಿದರು. ಮನೆಯೊಡತಿ ಆಮೇಲೆ ಮಾತು ಬದಲಿಸಿಯಾಳು ಎಂಬ ಮುನ್ನೆಚ್ಚರಿಕೆ ಅದು. ಆಯಮ್ಮ ನಗು ತಡೆದುಕೊಂಡು ಸಹಿ ಹಾಕಿದ್ದನ್ನು ನಾನು ನೋಡಿದೆ.

ವಾಪಸು ಬಂದಾಗ ಅಕ್ಕ ಕೇಳಿದ್ದು ಒಂದೇ. "ಕಿಟಕಿ ಇದೆಯಾ?"

"ಇದೆ. ದೊಡ್ಡದಿದೆ. ಆದ್ರೆ ಅಕ್ಕ, ನೀನು ಬರಲ್ಲ ಅಂತ ಹೇಳು. ನನ್ನ ಮನೆಗೆ ಬಾ."

"ನೋಡೋಣ" ಅಂದಳು. ಅವಳ 'ನೋಡೋಣ' ಕೇಳಿದರೆ ನನಗೆ ಅವಳ ಮೇಲೂ ಸಿಟ್ಟು ಬರುತ್ತದೆ.

ಸಾಮಾನು ಕಟ್ಟುವ ದಿನ ಮಿಷನ್ ಮಾರಿಬಿಡೋಣ, ಲಾರಿಯಲ್ಲಿ ಜಾಗ ಇಲ್ಲ ಎಂದು ಭಾವ ರಾಗ ತೆಗೆದರು. ಅಕ್ಕ ಕಟ್ಟುತ್ತಿದ್ದ ಗಂಟಿನಿಂದ ತಲೆ ಎತ್ತದೆ "ಹಾಗಾದ್ರೆ ಮಂಚ ಬಿಟ್ಟು ಹೋಗೋಣ" ಅಂದಳು. ಮಿಷನ್ ಲಾರಿ ಹತ್ತಿತು. ಮಂಚವೂ ಹತ್ತಿತು. ಜಾಗ ಬೇಕಾದಷ್ಟು ಇತ್ತು.

ಹೊಸ ಊರಿನ ಮೊದಲ ದಿನಗಳಲ್ಲಿ ಭಾವ ನನಗೆ ಫೋನ್ ಮಾಡಿ ಮಾಡಿ ತಲೆ ತಿಂದರು. ಚಕ್ರ ತಿರುಗುತ್ತಿದೆಯೋ ಇಲ್ಲವೋ ಎಂದು ನಿಂತು ನೋಡಬೇಕಂತೆ. ನೀವೆಲ್ಲ ನಗರದಲ್ಲಿ ಯಾಕೆ ಸಾಯ್ತಿದೀರಿ ಎಂದು ಬುದ್ಧಿ ಬೇರೆ. ಆಮೇಲೆ ಅಕ್ಕ ಫೋನ್ ತೆಗೆದುಕೊಂಡಳು.

"ಏನು ಮಾಡ್ತಿದೀಯ ಅಕ್ಕ?"

"ದಾರ ಹಾಕೋದು, ತೆಗೆಯೋದು."

"ಯಾಕೆ?"

"ಯಾರೂ ಬರ್ತಿಲ್ಲ. ಕೈ ಮರೆತುಹೋಗ್ಬಾರ್ದಲ್ಲ."

ಫೋನ್ ಇಟ್ಟ ಮೇಲೆ ನಾನು ಸುಮಾರು ಹೊತ್ತು ಆ ಮನುಷ್ಯನಿಗೆ ಹಿಡಿಶಾಪ ಹಾಕುತ್ತಾ ಕೂತಿದ್ದೆ.

ಕಾಲೇಜು ತೆರೆಯಿತು. ಒಂದು ಬೆಳಿಗ್ಗೆ ಬಸ್ಸುಗಳ ಮೇಲೆ ಬಸ್ಸು ಬಂದು ಟ್ರಂಕು, ಹಾಸಿಗೆ, ಬಕೆಟ್ಟು, ಹುಡುಗ ಹುಡುಗಿಯರನ್ನು ಆ ಬೀದಿಗೆ ಸುರಿದವು. ಹಗ್ಗಗಳ ತುಂಬ ಬಟ್ಟೆ ಬಿದ್ದವು. ಮೆಸ್ಸಿನ ಕುರ್ಚಿಗಳು ಕೆಳಗಿಳಿದವು, ಕ್ಷೌರದವನು ಎದ್ದು ನಿಂತ. ಮೇಲಿನ ಮನೆಗೆ ಎಂಟು ಹುಡುಗರು ಬಂದರು. ಅವರ ಜೊತೆ ಇಸ್ತ್ರಿ ಪೆಟ್ಟಿಗೆ ಬಂತು, ಬಕೆಟ್ಟಿಗೆ ಇಳಿಬಿಡುವ ಹೀಟರ್ ಬಂತು, ಕರೆಂಟ್ ಒಲೆ ಬಂತು, ಕಂಪ್ಯೂಟರುಗಳು ಬಂದವು, ಹಾಡು ಕೇಳುವ ಪೆಟ್ಟಿಗೆಗಳು ಬಂದವು. ಮೀಟರಿನ ಚಕ್ರ ಕಣ್ಣಿಗೆ ಕಾಣದ ಹಾಗೆ ಓಡತೊಡಗಿತು. ಮೊದಲ ಬಿಲ್ಲು ಬಂದ ದಿನ ಭಾವ ಊಟ ಮಾಡಲಿಲ್ಲ ಎಂದು ಅಕ್ಕ ಹೇಳಿದಳು. ನಾನು ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಆಮೇಲೆ ಶುರುವಾಯಿತು ಅವರ ಯುದ್ಧ. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ, ಮೀಟರಿನ ಕೆಳಗೆ ಕಾವಲು ಕೂತರು. ಹುಡುಗರು ಕ್ಲಾಸಿಗೆ ಹೋದರೆ ಮೇಲೆ ಹತ್ತಿ ಫ್ಯಾನ್ ನಿಂತಿದೆಯೇ ಎಂದು ಕಿಟಕಿಯಲ್ಲಿ ಇಣುಕಿದರು. ಲೇಖನದಲ್ಲಿದ್ದ ಸಂಜೆ ಉಪನ್ಯಾಸಕ್ಕೂ ಒಮ್ಮೆ ಹೋದರು. ಕೊನೆಯಲ್ಲಿ ಪ್ರಶ್ನೆ ಕೇಳಬಹುದು ಅಂದಾಗ ಎದ್ದು ನಿಂತು ಈ ಸಭಾಂಗಣಕ್ಕೆ ಇಷ್ಟು ಬಲ್ಬು ಯಾಕೆ ಎಂದು ಕೇಳಿದರು. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಮೆಟ್ಟಿಲ ಬುಡದ ಮೇನ್ ಸ್ವಿಚ್ಚನ್ನೇ ಆಫ್ ಮಾಡಿದರು. ಎಂಟು ಹುಡುಗರೂ ಕೆಳಗಿಳಿದರು. ಮನೆಯೊಡತಿ ಕರಾರು ಪತ್ರ ಹಿಡಿದುಕೊಂಡೇ ಬಂದರು.

"ಅಕ್ಷರ ಯಾರದು ನೋಡಿ. ಅರ್ಧ ಅರ್ಧ. ಬದಲಾಯಿಸೋ ಹಾಗಿಲ್ಲ ಅಂತ ಬರೆದೋರೂ ನೀವೇ."

ಭಾವ ತಾವೇ ಸ್ವಿಚ್ ಹಾಕಿದರಂತೆ. ಹುಡುಗರು ಅವರಿಗೆ ಅಲ್ಲಿಯೂ ಒಂದು ಹೆಸರಿಟ್ಟರು. ಏನೆಂದು ಅಕ್ಕ ನನಗೆ ಹೇಳಲಿಲ್ಲ, ನಕ್ಕಳು. ತುಂಬಾ ದಿನದ ಮೇಲೆ ಅವಳು ನಕ್ಕದ್ದು ಕೇಳಿದೆ.

ನಗಲು ಬೇರೆ ಕಾರಣವೂ ಇತ್ತು. ಆ ಹುಡುಗರಲ್ಲೊಬ್ಬ ಹರಿದ ಪ್ಯಾಂಟು ಹಿಡಿದುಕೊಂಡು, ಕಿಟಕಿಯಲ್ಲಿ ಮಿಷನ್ ಕಂಡು, ಬಾಗಿಲು ತಟ್ಟಿದ್ದ. ಮಾರನೆಯ ದಿನ ಅವನ ಗೆಳೆಯರು ಬಂದರು. ಆಮೇಲೆ ಹುಡುಗಿಯರು ಬಂದರು. ಕಾಲೇಜಿನವರು ಹೊಸದಾಗಿ ಸೇರಿದವರಿಗೆಲ್ಲ ಪ್ರಯೋಗಶಾಲೆಯಲ್ಲಿ ಹಾಕಿಕೊಳ್ಳುವ ಬಿಳಿ ಕೋಟನ್ನು ಒಂದೇ ಅಳತೆಯಲ್ಲಿ ಕೊಟ್ಟಿದ್ದರಂತೆ. ಮುಕ್ಕಾಲು ಜನರಿಗೆ ತೋಳು ಉದ್ದ, ಬೆರಳೇ ಹೊರಗೆ ಬರುತ್ತಿರಲಿಲ್ಲ. ಇಡೀ ತರಗತಿಯ ತೋಳುಗಳು ಅಕ್ಕನ ಮಿಷನ್ನಿನ ಮುಂದೆ ಬಂದು ಬಿದ್ದವು. ಸ್ಟೂಲಿನ ಮೇಲೆ ಮತ್ತೆ ಜನ ಕೂತರು, ಮನೆ ನೆನಪಾಗಿ ಅತ್ತರು, ಪರೀಕ್ಷೆಯ ಭಯ ಹೇಳಿಕೊಂಡರು. ಅಕ್ಕ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟಿದಳು. ಆದರೆ ಮಂಡಿ ಕೇಳಬೇಕಲ್ಲ. ಒಂದು ದಿನ ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. "ಏಳೋಕೆ ಆಗ್ತಿಲ್ಲ ಕಣೇ" ಅಂದಳು. ನಾನು ರಜೆ ಹಾಕಿ ಹೋದೆ.

ಹೋಗಿ ನೋಡಿದರೆ ಎರಡೂ ಮಂಡಿ ಊದಿ ಬಟ್ಟೆ ಸುತ್ತಿಕೊಂಡಿದ್ದಾಳೆ. ಪಕ್ಕದಲ್ಲಿ ಕೋಟುಗಳ ರಾಶಿ. ನಾಲ್ಕು ಸಲ ತುಳಿಯುವುದು, ನಿಲ್ಲಿಸಿ ಹಲ್ಲು ಕಚ್ಚಿ ಉಸಿರು ಬಿಡುವುದು, ಮತ್ತೆ ತುಳಿಯುವುದು. ಇನ್ನೆಷ್ಟು ದಿನ ಎಂದು ನಾನು ಕೇಳಲಿಲ್ಲ. ಹೆಚ್ಚು ದಿನ ಇಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಭಾವ ಪತ್ರಿಕೆ ಹಿಡಿದು ಉತ್ಸಾಹದಿಂದ ಒಳಗೆ ಬಂದರು. ನನ್ನನ್ನು ನೋಡಿ ಯಾವಾಗ ಬಂದೆ ಎಂದೂ ಕೇಳಲಿಲ್ಲ.

"ಒಳ್ಳೆಯದಾಯ್ತು ನೀನು ಬಂದದ್ದು. ಇಲ್ಲಿ ನಮಗೆ ಮೋಸ ಆಯ್ತು. ಇನ್ನೊಂದು ಊರಿದೆ, ಇದಕ್ಕಿಂತ ಸಣ್ಣದು, ಬರೀ ಕೃಷಿ ಕಾಲೇಜು. ರಜೆ ಬರ್ಲಿ, ಹೋಗಿ ನೋಡ್ಕೊಂಡು ಬರೋಣ."

"ಮತ್ತೆ ರಜೆಯಲ್ಲೇನಾ ಭಾವ?"

"ಲಾಡ್ಜ್ ಅಗ್ಗ ಅಲ್ವಾ."

ಈ ಮನುಷ್ಯನಿಗೆ ಏನು ಹೇಳುವುದು. ಬಿದ್ದ ಗುಂಡಿಯಿಂದ ಮೇಲೆದ್ದು, ಅಷ್ಟೇ ಆಳದ ಇನ್ನೊಂದು ಗುಂಡಿ ಕಡಿಮೆ ದರಕ್ಕೆ ಎಲ್ಲಿ ಸಿಗುತ್ತದೆ ಎಂದು ಹುಡುಕುವವರು.

"ಮಿಷನ್?" ಎಂದು ಕೇಳಿದೆ.

"ಈ ಸಲ ಮಾರೋದೇ. ಹೇಗೂ ಅವಳ ಮಂಡಿ ಹೋಯ್ತಲ್ಲ" ಎಂದು ಹೇಳಿ, ಬಸ್ಸಿನ ವೇಳೆ ವಿಚಾರಿಸಲು ಹೊರಟರು.

ಅಕ್ಕ ಕೈಯಲ್ಲಿದ್ದ ಕೋಟನ್ನು ಮಡಚಿ ರಾಶಿಯ ಮೇಲಿಟ್ಟಳು. ಗೋಡೆ ಹಿಡಿದುಕೊಂಡು ಎದ್ದಳು. "ಬಾ, ಪೇಟೆಗೆ ಹೋಗಿ ಬರೋಣ" ಅಂದಳು. ನನ್ನ ಹೆಗಲ ಮೇಲೆ ಭಾರ ಹಾಕಿ, ಕಂಬ ಕಂಬಕ್ಕೂ ನಿಂತು, ಹೊಲಿಗೆ ಮಿಷನ್ ಅಂಗಡಿಯವರೆಗೆ ನಡೆದಳು. ಒಳಗೆ ಹೋಗಿ, ಮದುವೆಯಾದ ಹೊಸದರಲ್ಲಿ ಗಂಡನನ್ನು ಕೇಳಿದ್ದನ್ನು ಅಂಗಡಿಯವನನ್ನು ಕೇಳಿದಳು. ಹುಡುಗರ ತೋಳುಗಳಿಂದ ಬಂದ ಹಣದಲ್ಲೇ ಕೊಟ್ಟಳು.

ಅಂಗಡಿಯವನು ನಮ್ಮ ಜೊತೆಗೇ ಬಂದು ಮಿಷನ್ನಿನ ಬೆನ್ನಿಗೆ ಮೋಟರ್ ಕೂರಿಸಿದ. ಕೆಳಗಿನ ದೊಡ್ಡ ಗಾಲಿಯಿಂದ ಹಳೆಯ ಬೆಲ್ಟ್ ಬಿಚ್ಚಿ ಹೊಸದನ್ನು ಮೋಟರಿಗೆ ಏರಿಸಿದ. ಬಲಗಾಲ ಬಳಿ ಒತ್ತುವುದಕ್ಕೆ ಅಂಗೈಯಗಲದ ಪೆಡಲ್ ಇಟ್ಟ. "ಹಳೆ ಪೆಡಲ್ ಇನ್ನು ಬೇಕಾಗಲ್ಲ, ತೆಗೆದುಬಿಡ್ಲಾ?" ಎಂದು ಕೇಳಿದ. "ಇರ್ಲಿ ಬಿಡಿ" ಅಂದಳು ಅಕ್ಕ. ಅವನು ಆ ಕಡೆ ಹೋಗುತ್ತಲೇ ಭಾವ ಈ ಕಡೆಯಿಂದ ಬಂದರು.

"ಇದೇನು?"

"ಮೋಟರ್."

"ಯಾರನ್ನ ಕೇಳಿ ತಂದೆ?"

"ನನ್ನ ಮಂಡೀನ."

"ಬಿಲ್ಲು? ಬಿಲ್ಲು ಯಾರು ಕಟ್ಟೋದು?"

"ಅರ್ಧ ನೀವು. ಅರ್ಧ ಮೇಲಿನವರು. ನೀವೇ ಬರೆದುಕೊಟ್ಟಿದೀರಲ್ಲ" ಎಂದು ಅಕ್ಕ ಸೂಜಿಗೆ ದಾರ ಪೋಣಿಸತೊಡಗಿದಳು. "ಅವರ ಹೀಟರಿಗೆ ನಾವು ಅರ್ಧ ಕೊಡ್ತಿಲ್ವಾ? ನನ್ನ ಮೋಟರಿಗೆ ಅವರು ಅರ್ಧ ಕೊಡ್ಲಿ. ಅವರ ಕೋಟೇ ತಾನೆ ಹೊಲೀತಿರೋದು."

ಅರ್ಧ ಯೂನಿಟ್ ಮಾಡಿಕೊಂಡ ಕರಾರುಗಳಲ್ಲಿ ಮನೆಗೆ ಲಾಭ ತಂದದ್ದು ಇದೊಂದೇ ಇರಬೇಕು.

"ಆ ಊರಿಗೆ ಹೋಗ್ಬೇಕಲ್ಲ, ಕೃಷಿ ಕಾಲೇಜಿನ..."

"ನೀವು ಹೋಗಿ ಬನ್ನಿ. ಇಷ್ಟ ಆದ್ರೆ ಅಲ್ಲೇ ಇರಿ. ನಾನು ಈ ಕಿಟಕಿ ಬಿಟ್ಟು ಎಲ್ಲಿಗೂ ಬರಲ್ಲ."

ಇಷ್ಟನ್ನು ಅವಳು ದನಿ ಎತ್ತದೆ ಹೇಳಿದಳು. ಒಂದು ಕೋಟಿನ ತೋಳನ್ನು ಸೂಜಿಯ ಕೆಳಗೆ ಸರಿಸಿ, ಬಲಗಾಲಿಂದ ಒತ್ತಿದಳು. ಮಿಷನ್ ಹೊರಟಿತು. ಭಾವ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಓಡಿದರು. ಕಿಟಕಿಯಿಂದ ನೋಡಿದರೆ ಮೆಟ್ಟಿಲ ಬುಡದಲ್ಲಿ ಕತ್ತು ಮೇಲೆತ್ತಿಕೊಂಡು ನಿಂತಿದ್ದಾರೆ. ಒಳಗೆ ಹೆಂಡತಿ ಎಷ್ಟೋ ವರ್ಷಗಳ ಮೇಲೆ ನೋವಿಲ್ಲದೆ ಹೊಲಿಯುತ್ತಿದ್ದಾಳೆ, ಇವರು ಹೊರಗೆ ನಿಂತು ಚಕ್ರ ನೋಡುತ್ತಿದ್ದಾರೆ. ಥೂ, ಇದೂ ಒಂದು ಗಂಡಸು ಎಂದುಕೊಂಡು ಅಕ್ಕನ ಕಡೆ ತಿರುಗಿದೆ.

ಆಗ ಅವಳ ಎಡಗಾಲು ಕಂಡಿತು. ಬಲಗಾಲು ಮೋಟರಿನ ಪೆಡಲ್ ಒತ್ತಿ ಸುಮ್ಮನಿತ್ತು. ಎಡಗಾಲು ಮಾತ್ರ ಹಳೆಯ ಕಬ್ಬಿಣದ ಪೆಡಲಿನ ಮೇಲೆ ಕೂತು ತುಳಿಯುತ್ತಲೇ ಇತ್ತು. ಆ ಪೆಡಲಿಗೂ ಸೂಜಿಗೂ ಈಗ ಏನೂ ಸಂಬಂಧವಿರಲಿಲ್ಲ. ಅದು ಸುಮ್ಮನೆ ಏರುತ್ತಿತ್ತು, ಇಳಿಯುತ್ತಿತ್ತು.

"ಅಕ್ಕ, ಕಾಲು."

"ಗೊತ್ತು. ನಿಲ್ಲು ಅಂತ ಹೇಳ್ತಾನೇ ಇದೀನಿ. ಕೇಳ್ತಿಲ್ಲ."

ನನಗೆ ಅಳು ಉಕ್ಕಿ ಬಂತು. ಆ ಮನುಷ್ಯನನ್ನು ಅಷ್ಟು ವರ್ಷ ಜರೆದಿದ್ದೇನೆ, ಆಡಿಕೊಂಡು ನಕ್ಕಿದ್ದೇನೆ, ಆದರೆ ಆ ಕ್ಷಣದಲ್ಲಿ ದ್ವೇಷಿಸಿದಷ್ಟು ಎಂದೂ ದ್ವೇಷಿಸಿರಲಿಲ್ಲ.

"ಓಡ್ತಾ ಇದೆ" ಎಂದು ಹೊರಗಿನಿಂದ ದನಿ ಬಂತು. "ಕೇಳಿಸ್ತಾ? ಜೋರಾಗಿ ಓಡ್ತಾ ಇದೆ."

"ಓಡ್ಲಿ ಬಿಡಿ" ಅಂದಳು ಅಕ್ಕ ತಲೆ ಎತ್ತದೆ. "ಇಷ್ಟು ವರ್ಷದ್ದು ಬಾಕಿ ಇದೆ."

ಸ್ವಲ್ಪ ಹೊತ್ತಿನ ಮೇಲೆ ಭಾವ ಬಾಗಿಲಿಗೆ ಬಂದು ನಿಂತರು. ಸದಾ ಮೇಲೆ ನೋಡುವ ಕತ್ತು ಕೆಳಗೆ ಬಾಗಿತ್ತು, ಕಣ್ಣು ಮಿಷನ್ನಿನ ಬುಡದಲ್ಲಿ ನೆಟ್ಟಿತ್ತು. ಕೊನೆಗೂ ಆ ಕಾಲು ಇವರಿಗೆ ಕಂಡಿತೇ ಎಂದು ಅವರ ಮುಖವನ್ನೇ ನೋಡಿದೆ.

"ಆ ಪ್ಲಗ್ ಸಡಿಲ ಇದೆ. ಕಿಡಿ ಹಾರುತ್ತೆ" ಅಂದರು.

"ಸಡಿಲ ಇದ್ರೆ ಬಿಗಿ ಮಾಡಿ" ಅಂದಳು ಅಕ್ಕ.

ಭಾವ ಅಂಗಿಯ ಜೇಬಿನಿಂದ ತಮ್ಮ ಟೆಸ್ಟರ್ ತೆಗೆದರು. ನಿವೃತ್ತರಾದರೂ ಅದನ್ನು ಬಿಟ್ಟಿರಲಿಲ್ಲ. ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತು ಸ್ವಿಚ್ಚಿಗೆ ಕೈ ಚಾಚಿದರು. "ಆಫ್ ಮಾಡ್ಬೇಕಾಗುತ್ತೆ."

"ಈ ತೋಳು ಮುಗೀಲಿ. ಅಲ್ಲೇ ಇರಿ."

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು. ಅವರ ಮಂಡಿಯ ಪಕ್ಕದಲ್ಲೇ ಆ ಹಳೆಯ ಪೆಡಲ್ ಏರಿ ಇಳಿಯುತ್ತಿತ್ತು. ನೆಲ ಗಟ್ಟಿ, ವಯಸ್ಸಾದ ಮಂಡಿ. ಸ್ವಲ್ಪ ಹೊತ್ತಿಗೇ ಭಾರವನ್ನು ಈ ಕಾಲಿಂದ ಆ ಕಾಲಿಗೆ ಬದಲಾಯಿಸತೊಡಗಿದರು. ಅಕ್ಕ ಹೊಲಿಗೆಯ ಕೊನೆಗೆ ಬಂದು, ದಾರ ಕತ್ತರಿಸಿ, ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. ಭಾವ ಮತ್ತೆ ಸ್ವಿಚ್ಚಿಗೆ ಕೈ ಚಾಚಿದರು.

ಅಕ್ಕ ಕೋಟನ್ನು ತಿರುಗಿಸಿ ಇನ್ನೊಂದು ತೋಳನ್ನು ಸೂಜಿಯ ಕೆಳಗಿಟ್ಟಳು.